ಮಡಚಿದ ಸಾಲು

ಭಾನುವಾರದ ಸಂತೆ. ಒಣಬಂಗಡೆಯ ಸಾಲು ಮುಗಿದು
ಹಳೆಬಟ್ಟೆಯ ರಾಶಿ ಶುರುವಾಗುವಲ್ಲಿ
ಎಂಬತ್ತು ರೂಪಾಯಿಗೆ ಸಿಕ್ಕಿತು ಈ ಕೋಟು.
ಬೂದುಬಣ್ಣ, ಮೂರು ಗುಂಡಿ, ಅದರಲ್ಲೊಂದು ಇಲ್ಲ.
ಮೀನಿನ ವಾಸನೆ ಸಂತೆಯದು, ಕೋಟಿನದಲ್ಲ
ಎಂದು ಮನೆಯಲ್ಲಿ ವಾದಿಸಿ ಸೋತು
ಮೂರು ದಿನ ಹಿತ್ತಲ ಹಗ್ಗಕ್ಕೆ ನೇತುಹಾಕಿದೆ.

ನಾನು ಮೊದಲು ಓದುವುದು ಕೊರಳ ಹಿಂಭಾಗ.
ಕಾರವಾರದ ಹೆಡ್ಡಾಫೀಸಿನಲ್ಲಿ ಮೂವತ್ತೊಂದು ವರ್ಷ
ಕಾಗದ ವಿಂಗಡಿಸಿದ ಕಣ್ಣು.
ಲೇಬಲ್ಲೂ ಒಂದು ವಿಳಾಸವೇ,
ಯಾರಿಗೆ ತಲುಪಬೇಕೆಂದು ಮಾತ್ರ ಬರೆದಿರುವುದಿಲ್ಲ.

ಬಿಳಿ ಪಟ್ಟಿಯ ಮೇಲೆ ನೀಲಿ ನೇಯ್ಗೆ:
ಇನಾಸ್ ಕಾರ್ವಾಲ್ಯೊ
ಅಂಡ್ ಸನ್ಸ್, ಟೇಲರ್ಸ್,
ಕಾರವಾರ, ನಾರ್ತ್ ಕೆನರಾ.

ಪಿನ್‌ಕೋಡ್ ಇಲ್ಲ. ಎಪ್ಪತ್ತೆರಡರ ಈಚಿನದಿರಲಾರದು.
ಐದು ಎಂಟು ಒಂದು ಮೂರು ಸೊನ್ನೆ ಒಂದು
ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ;
ಇಲ್ಲದಿದ್ದರೆ ಕೈ ತಾನಾಗಿ ಪೆನ್ನು ಹುಡುಕುತ್ತದೆ.
ರಾಜ್ಯದ ಹೆಸರೂ ಇಲ್ಲ. ಅದು ಕಾಡಿತು.
ಲೇಬಲ್ ನೇಯಿಸುವಷ್ಟು ಠೀವಿಯ ದರ್ಜಿ
ವಿಳಾಸ ಅರ್ಧಕ್ಕೆ ಬಿಡುತ್ತಾನೆಯೇ?

ಭೂತಗನ್ನಡಿ ಹಿಡಿದರೆ ಕೆಳಗಿನ ಅಂಚು ದಪ್ಪ.
ಸೂಜಿಮೊನೆಯಿಂದ ನಾಲ್ಕು ಹೊಲಿಗೆ ಎತ್ತಿದೆ.
ಬಿಸಿಲು ಕಾಣದೆ, ಬೆವರು ಕಾಣದೆ,
ನೀಲಿ ಇನ್ನೂ ನೀಲಿಯಾಗಿಯೇ ಮಡಚಿ ಕೂತಿತ್ತು
ಒಂದು ಸಾಲು: ಬಾಂಬೆ ಪ್ರೆಸಿಡೆನ್ಸಿ.

ಬ್ರಿಟಿಷರು ಹೋದಾಗ ಮಡಚಿದನೋ,
ಜಿಲ್ಲೆಯನ್ನು ಮೈಸೂರಿಗೆ ದಾಟಿಸಿದಾಗಲೋ?
ಎದೆಜೇಬಿನ ತಳದಲ್ಲಿ ನೂಲಿನ ಉಂಡೆ, ಮರಳು,
ಕೋಡಿಬಾಗದ ದೋಣಿಯ ಚೀಟಿ.
ಹನ್ನೆರಡು ನಯೇ ಪೈಸೆ.
ಆ 'ನಯೇ' ನನಗೆ ಸಾಕು: ಐವತ್ತೇಳರ ಮೇಲೆ,
ಪೈಸೆ ಹಳತಾಗುವ ಮುಂಚೆ.

ಕಾರ್ವಾಲ್ಯೊ ಮನೆಗಳು ಸುಂಕೇರಿಯಲ್ಲಿ ಮೂರಿದ್ದವು.
ಬಸ್ರಾದಿಂದ ಮನಿಯಾರ್ಡರ್ ಬರುತ್ತಿದ್ದ ಮನೆಯಲ್ಲ,
ರಿಜಿಸ್ಟರ್ ನೋಟೀಸು ಬರುತ್ತಿದ್ದದ್ದೂ ಅಲ್ಲ,
ಕ್ರಿಸ್ಮಸ್ಸಿಗೆ ಒಂದೇ ಕಾರ್ಡು ಬರುತ್ತಿದ್ದ ಮನೆಗೆ ಹೋದೆ.

ಎಸ್ಪೆರಾನ್ಸ್ ಬಾಯಿಗೆ ಎಂಬತ್ತು ದಾಟಿದೆ.
ಲೇಬಲ್ ತೋರಿಸಿದೆ. ನೋಡಲಿಲ್ಲ.
ಕೋಟು ತಿರುವಿ ಕಾಜದ ಮೇಲೆ ಹೆಬ್ಬೆರಳು ಎಳೆದು
'ಇದು ನಂದು' ಅಂದರು. 'ಗಂಟು ಎಡಕ್ಕೆ ಬಾಗಿದೆ ನೋಡಿ.
ನಾನು ಎಡಚಿ. ಪಾಯ್ ಬಯ್ಯುತ್ತಿದ್ದ, ಗಿರಾಕಿಗೆ ಗೊತ್ತಾಗ್ತಿರಲಿಲ್ಲ.'

ಅಸ್ತರು ಉಜ್ಜಿದರು, ಕಿವಿಯ ಹತ್ತಿರ ಹಿಡಿದು.
'ಕೊಡೆ ಬಟ್ಟೆ! ಗೋವೆಯ ಗಡಿ ಮುಚ್ಚಿತ್ತಲ್ಲ ಆಗ,
ಸಾಟೀನು ಎಲ್ಲಿಂದ ತರೋದು?
ಮಳೆಗಾಲದಲ್ಲಿ ಹೊಲಿದದ್ದು. ಕೈ ಜಾರುತ್ತಿತ್ತು.'

'ಮತ್ತೆ ಈ ಸನ್ಸ್?' ಎಂದೆ, ಕೇಳಬಾರದಿತ್ತೇನೋ.

'ಮದುವೆಯ ವರ್ಷ ಬೊಂಬಾಯಿಯಲ್ಲಿ ನೇಯಿಸಿದ್ದು, ಎರಡು ಸಾವಿರ.
ಕಡಿಮೆ ಹೇಳಿದರೆ ದರ ಜಾಸ್ತಿ.
ಆಮೇಲೆ ನಾವು ಬಂದೆವು. ಐದೂ ಹುಡುಗಿಯರು.
ಬೊಂಬಾಯಿ ಕೊನೆಯ ಸಾಲು, ಮಡಚಿದ.
ಸನ್ಸ್ ಇರೋದು ನಡುವೆ.
ನಡುವಿನದನ್ನು ಹ್ಯಾಗೆ ಮಡಚ್ತೀರಿ?'

ನಗುತ್ತಲೇ ಹೇಳಿದರು.
ಎರಡು ಸಾವಿರ ಕೊರಳ ಹಿಂದೆ ಒಬ್ಬನೂ ಹುಟ್ಟದ ಗಂಡುಮಕ್ಕಳು,
ಎದೆಯ ಮೇಲೆ ಎಡಕ್ಕೆ ಬಾಗಿದ ಗಂಟು.
ಪುಸ್ತಕದಲ್ಲಿ ಬರೆದುಕೊಂಡೆ: ಸುಮಾರು ಐವತ್ತೊಂಬತ್ತು.
'ಸುಮಾರು' ಒತ್ತಿ ಬರೆದೆ.

ತಲೆಯೆತ್ತಿದರೆ ಬಾಯಿ ಸೂಜಿಗೆ ದಾರ ಪೋಣಿಸಿಯಾಗಿದೆ.
ಬಿಳಿ ಮುಗಿದಿತ್ತಂತೆ; ಹಸಿರು ಪಾಲಿಯೆಸ್ಟರ್.
ನಾನು ಬಿಚ್ಚಿದ ಸಾಲನ್ನು ಮತ್ತೆ ಒಳಕ್ಕೆ ಮಡಚಿ
ಎಡಗೈಯಲ್ಲಿ ನಾಲ್ಕು ಹೊಲಿಗೆ, ಹಲ್ಲಿಂದ ಕಡಿದು
'ಅಂಚು ನೂಲು ಬಿಡ್ತದೆ ಇಲ್ಲಾಂದ್ರೆ' ಅಂದರು.

ಮುಂದೆ ನನ್ನಂಥವನೊಬ್ಬ ಈ ಹಸಿರು ಕಂಡು
ಇಪ್ಪತ್ತು ವರ್ಷ ತಪ್ಪುತ್ತಾನೆ, ಖಂಡಿತ.
ತಡೆಯಲಿಲ್ಲ ನಾನು.
ಅಷ್ಟರಲ್ಲಿ ಅವರು ಬಿಸ್ಕೀಟಿನ ಡಬ್ಬಿ ತೆಗೆದು
ಕಿವಿಗೊಟ್ಟು ಅಲ್ಲಾಡಿಸುತ್ತಿದ್ದರು,
ಇಲ್ಲದ ಆ ಒಂದು ಗುಂಡಿಗೆ.